ಕೊಟ್ಟೆಯಿಂದ ನೆಲಕ್ಕೆ ಬಂದ ಮೆಣಸಿನ ಬಳ್ಳಿ: ಯಾವಾಗ ಕಟ್ಟಬೇಕು, ಯಾವಾಗ ಚಿವುಟಬೇಕು?

ಹೊಸನಗರದ ಹೊಸ ತೋಟಿಗ | ಜುಲೈ 4

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಹತ್ತಿರ ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ತುಂಬಾ ಇಳಿದಿದೆ. ಅಡಿಕೆ ಒಂದನ್ನೇ ನೆಚ್ಚಿಕೊಂಡು ಕೂತರೆ ಆಗಲ್ಲ ಅಂತ ಈ ವರ್ಷ ಕೊಟ್ಟೆಯಲ್ಲಿ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲದಲ್ಲಿ) ಬೆಳೆಸಿದ 180 ಪಣಿಯೂರು-1 ತಳಿಯ ಕಾಳುಮೆಣಸಿನ ಗಿಡ ತಂದೆ. ಮೃಗಶಿರ ಮಳೆ ಹಿಡಿದ ಕೂಡಲೇ, ಜೂನ್ 12ಕ್ಕೆ ನೆಟ್ಟೆ.

ನೆಟ್ಟ ದಿನವೇ ಪ್ಲಾಸ್ಟಿಕ್ ಸುತಲಿಯಲ್ಲಿ ಎರಡೆರಡು ಕಡೆ ಮರಕ್ಕೆ ಬಿಗಿದು ಕಟ್ಟಿದೆ. ತುದಿ ಚಿವುಟಿದರೆ ಜಾಸ್ತಿ ಟಿಸಿಲು ಬರುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಎಂಟನೇ ದಿನ ಎಲ್ಲದರ ತುದಿ ಚಿವುಟಿದೆ. ಮತ್ತೆರಡು ದಿನ ಬಿಟ್ಟು ಬುಡಕ್ಕೆ ಒಂದೊಂದು ಹಿಡಿ ಡಿಎಪಿ ಗೊಬ್ಬರ ಹಾಕಿದೆ.

ಈಗ ನಲವತ್ತಕ್ಕೂ ಜಾಸ್ತಿ ಗಿಡ ಜೋಲು ಬಿದ್ದಿವೆ. ಕೆಳಗಿನ ಎಲೆ ಹಳದಿ ಆಗಿವೆ. ಕೆಲವಕ್ಕೆ ಚಿವುಟಿದ ಜಾಗದಿಂದ ಕಪ್ಪು ಇಳಿಯುತ್ತಿದೆ. ಬಳ್ಳಿಯನ್ನು ಬಗ್ಗಿಸಿ ಮಣ್ಣಿಗೆ ಊರಿದರೆ ಹೊಸ ಬೇರು ಬಂದು ಚೇತರಿಸಿಕೊಳ್ಳುತ್ತೆ ಅಂತ ಪಕ್ಕದ ತೋಟದವರು ಹೇಳಿದರು. ಹಾಗೆ ಮಾಡಲಾ? ದಯವಿಟ್ಟು ತಿಳಿದವರು ಹೇಳಿ.

ತುಂಗೆ ದಂಡೆಯ ಅಕ್ಕ, ತೀರ್ಥಹಳ್ಳಿ | ಜುಲೈ 4

ತಮ್ಮಾ, ಗಾಬರಿ ಆಗಬೇಡ. ಆದರೆ ಬಗ್ಗಿಸೋದು, ಊರೋದು ಯಾವುದೂ ಈಗ ಬೇಡ. ಹತ್ತು ದಿನದೊಳಗೆ ಆ ಗಿಡಕ್ಕೆ ನಾಲ್ಕು ಪೆಟ್ಟು ಬಿದ್ದಿದೆ. ಕೊಟ್ಟೆಯಿಂದ ಕಿತ್ತಿದ್ದು ಒಂದು, ಬಿಗಿದಿದ್ದು ಒಂದು, ಚಿವುಟಿದ್ದು ಒಂದು, ಗೊಬ್ಬರ ಒಂದು. ಐದನೆಯದನ್ನು ನೀನೇ ಕೊಡಬೇಡ.

ಮೊದಲು ಯಾವುದು ದಣಿದ ಗಿಡ, ಯಾವುದು ಕೊಳೆಯುತ್ತಿರುವ ಗಿಡ ಅಂತ ಬೇರೆ ಮಾಡು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಹತ್ತಿರ ಕೂತು ನೋಡಬೇಕು.

ಬುಡದಿಂದ ನಾಲ್ಕು ಬೆರಳು ಮೇಲೆ ಉಗುರಿನಿಂದ ಸಿಪ್ಪೆಯನ್ನು ಒಂದು ಎಳ್ಳಿನಷ್ಟು ಕೆರೆ. ಒಳಗೆ ಎಳೆ ಹಸಿರು ಕಂಡು, ಉಗುರಿಗೆ ತೇವ ಹತ್ತಿದರೆ ಜೀವ ಇದೆ. ಆ ಗಿಡ ದಣಿದಿದೆ ಅಷ್ಟೇ. ಕೆಳಗಿನ ಹಳೇ ಎಲೆ ಒಂದೇ ಸಮ ಹಳದಿ ಆಗಿ ಉದುರೋದು ಅದಕ್ಕೇ. ಬೇರು ಸಾಲದ ಗಿಡ ಇದ್ದಷ್ಟರಲ್ಲೇ ಸಂಸಾರ ಸರಿದೂಗಿಸುತ್ತೆ.

ಕೆರೆದ ಜಾಗದಲ್ಲಿ ಕಂದು, ಕಪ್ಪು ಕಂಡರೆ, ಸಿಪ್ಪೆ ಕೈಗೇ ಲೊಳಲೊಳ ಅಂತ ಸುಲಿದು ಬಂದರೆ ಅದು ಕೊಳೆ. ಎಲೆ ನೋಡು. ನೀರು ಕುಡಿದ ಹಾಗಿರೋ ಕಪ್ಪು ಮಚ್ಚೆ, ಅದರ ಅಂಚು ಕುಚ್ಚು ಕುಚ್ಚಾಗಿ ಹರಡಿದ್ದರೆ ಶೀಘ್ರ ಸೊರಗು ರೋಗ. ಎಲೆ ಹಸಿರಿರುವಾಗಲೇ ಉದುರೋದೂ ಅದರ ಗುರುತು. ಅಂಥ ಗಿಡವನ್ನು ಬೇರು ಸಮೇತ ಕಿತ್ತು ತೋಟದ ಹೊರಗೆ ಒಯ್ದು ಸುಡು. ಗುಂಡಿಯಲ್ಲೇ ಬಿಟ್ಟರೆ ಪಕ್ಕದ್ದಕ್ಕೂ ಬರುತ್ತೆ.

ಎಣಿಸಿ ಹೇಳು. ಆಮೇಲೆ ಮುಂದಿನ ಮಾತು.

ಹೊಸನಗರದ ಹೊಸ ತೋಟಿಗ | ಜುಲೈ 5

ಅಕ್ಕ, ಇವತ್ತು ಮಳೆಯಲ್ಲೇ ಎಲ್ಲ ನೋಡಿ ಬಂದೆ. ಒಟ್ಟು 42 ಗಿಡ ಸೊರಗಿವೆ. ಅದರಲ್ಲಿ 31ರ ಒಳಗೆ ಹಸಿರಿದೆ. 11 ಕಪ್ಪಾಗಿವೆ, ಅವನ್ನು ಕಿತ್ತೆ. ಆ ಹನ್ನೊಂದರಲ್ಲಿ ಒಂಬತ್ತು ಗಿಡ ತೋಟದ ಕೆಳಗಿನ ಮೂಲೆಯಲ್ಲೇ ಇದ್ದವು. ಅಲ್ಲಿ ಬಸಿಗಾಲುವೆ ಹೂಳು ತುಂಬಿ ನೀರು ನಿಲ್ಲುತ್ತೆ.

ಇನ್ನೊಂದು ವಿಷಯ. ಕಿತ್ತ ಗಿಡದಲ್ಲಿ ಬೇರು ಕೊಟ್ಟೆಯ ಆಕಾರದಲ್ಲೇ ಸಿಂಬೆ ಸುತ್ತಿಕೊಂಡಿತ್ತು. ಒಂದು ಎಳೆಯೂ ಹೊರಗಿನ ಮಣ್ಣಿಗೆ ಬಂದಿರಲಿಲ್ಲ.

ಬೆಟ್ಟದ ಸೊಪ್ಪು, ಸಾಗರ | ಜುಲೈ 5

ಆ ಮೂಲೆಯ ಬಸಿಗಾಲುವೆ ನಾಳೆಯೇ ಬಿಡಿಸಿ. ಮಿಕ್ಕಿದ್ದೆಲ್ಲ ಆಮೇಲೆ. ಈ ರೋಗದ ಬೀಜ ನೀರಿನಲ್ಲಿ ಈಜುತ್ತೆ. ನೀರು ನಿಂತ ಕಡೆ ಅದು ಬೇರಿನಿಂದ ಬೇರಿಗೆ ಹೋಗುತ್ತೆ. ಮಳೆ ಹನಿ ನೆಲಕ್ಕೆ ಬಿದ್ದು ಸಿಡಿದಾಗ ಕೆಳಗಿನ ಎಲೆಗೂ ಹತ್ತುತ್ತೆ. ನಮ್ಮ ಅಡಿಕೆಗೆ ಬರುವ ಕೊಳೆಯೂ ಇದೇ ಜಾತಿಯದ್ದು.

ಬೇರಿನ ಸಿಂಬೆ ಬಗ್ಗೆ. ತುಂಬಾ ದಿನ ಕೊಟ್ಟೆಯಲ್ಲೇ ಉಳಿದ ಗಿಡದ ಗತಿ ಅದು. ನನಗೂ ಒಬ್ಬರು ಹಾಗೇ ಹಳೇ ಗಿಡ ಕೊಟ್ಟಿದ್ದರು. ಮೇಲೆ ನೋಡಿದರೆ ಹುಲುಸಾಗಿ ಎಂಟು ಹತ್ತು ಎಲೆ. ಒಳಗೆ ಬೇರಿಗೆ ಜಾಗವೇ ಇಲ್ಲ. ಮುಂದಿನ ಸಲ ತರುವಾಗ ನಾಲ್ಕಾರು ಎಲೆಯ ಗಿಡ ತನ್ನಿ. ಒಂದು ಕೊಟ್ಟೆ ಸೀಳಿ ಬೇರು ನೋಡಿಯೇ ದುಡ್ಡು ಕೊಡಿ. ಬೇರು ಸುತ್ತಿಕೊಂಡಿದ್ದರೆ ನೆಡುವಾಗ ಕೆಳಗಿನ ಸುತ್ತನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಮಣ್ಣಿನ ಗಟ್ಟಿ ಒಡೆಯಬಾರದು.

ಅಡಿಕೆ ಹಾಳೆ | ಜುಲೈ 6

ಪ್ಲಾಸ್ಟಿಕ್ ಸುತಲಿ ಬಿಚ್ಚಿ ಮಾರಾಯ್ರೆ, ಮೊದಲು ಅದನ್ನು ಬಿಚ್ಚಿ! ಬಳ್ಳಿ ದಪ್ಪ ಆಗುತ್ತೆ, ಸುತಲಿ ಹಿಗ್ಗಲ್ಲ. ನಮ್ಮ ತೋಟದಲ್ಲಿ ಮೂರನೇ ವರ್ಷದ ಬಳ್ಳಿಗಳು ಅದೇ ಜಾಗಕ್ಕೆ ಕತ್ತರಿಸಿದ ಹಾಗೆ ಒಣಗಿದ್ದವು. ಹತ್ತಿರ ಹೋಗಿ ನೋಡಿದರೆ ಸುತಲಿ ಸಿಪ್ಪೆಯೊಳಗೆ ಹೂತುಹೋಗಿತ್ತು.

ಬೆಟ್ಟದ ಸೊಪ್ಪು, ಸಾಗರ | ಜುಲೈ 6

ಹೌದು. ಕಟ್ಟುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಗಿಡ ಸತ್ತಿದ್ದು ಕಟ್ಟದೇ ಇದ್ದದ್ದಕ್ಕಿಂತ ತಪ್ಪಾಗಿ ಕಟ್ಟಿದ್ದಕ್ಕೇ ಜಾಸ್ತಿ.

ಮೆಣಸಿನ ಬಳ್ಳಿಗೆ ಎರಡು ಥರ ಬೇರು. ಮಣ್ಣಿನೊಳಗಿನದ್ದು ಊಟಕ್ಕೆ. ಗೆಣ್ಣಿನಲ್ಲಿ ಬರುವುದು ಮರ ಹಿಡಿಯಲಿಕ್ಕೆ. ನೀವು ಕಟ್ಟುವ ಹಗ್ಗ ಬಳ್ಳಿಯನ್ನು ಹೊರಲಿಕ್ಕಲ್ಲ. ಗೆಣ್ಣು ಮರಕ್ಕೆ ತಾಗಿಕೊಂಡು ಇರಲಿ ಅಂತ ಮಾತ್ರ. ತಾಗಿಕೊಂಡಿದ್ದರೆ ಬೇರು ತಾನೇ ಕಚ್ಚುತ್ತೆ. ಗಾಳಿಗೆ ಅಲ್ಲಾಡುತ್ತಿದ್ದರೆ ಮೂಡಿದ ಬೇರು ಅಲ್ಲೇ ಒಣಗಿ ಕಂದು ಮುಳ್ಳಿನ ಹಾಗೆ ನಿಲ್ಲುತ್ತೆ.

ಒಂದು ಗಿಡ ಕೈಯಲ್ಲಿ ಹಿಡಿದು ಗೆಣ್ಣು ನೋಡಿ. ಒಂದು ಪಕ್ಕದಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಕಾಣುತ್ತೆ. ಅದೇ ಬಳ್ಳಿಯ ಮುಖ. ಅಲ್ಲಿಂದಲೇ ಬೇರು ಬರುವುದು. ಆ ಮುಖ ಮರದ ಕಡೆಗೆ ಇರಬೇಕು. ಅವಸರದಲ್ಲಿ ಬಳ್ಳಿ ತಿರುಚಿ, ಮುಖ ಹೊರಗೆ ಮಾಡಿ ಕಟ್ಟಿದರೆ ಅದು ಮತ್ತೆ ತಿರುಗಿಕೊಳ್ಳಲಿಕ್ಕೇ ಒಂದು ತಿಂಗಳು ಕಳೆಯುತ್ತೆ. ಆಳಿಗೆ ಹೇಳಿಕೊಡುವಾಗ ನಾನು ಮೊದಲು ಇದನ್ನೇ ತೋರಿಸುತ್ತೇನೆ.

ಕಟ್ಟಲಿಕ್ಕೆ ಬಾಳೆ ಪಟ್ಟೆಯ ನಾರು ಸಾಕು. ಒಣಗಿದ ಪಟ್ಟೆಯನ್ನು ಒಂದು ಗಳಿಗೆ ನೀರಲ್ಲಿ ನೆನೆಸಿ, ಕಿರುಬೆರಳಿನ ಅಗಲಕ್ಕೆ ಸೀಳಿ. ಗೆಣ್ಣಿನ ಮೇಲೆ ಕಟ್ಟಬೇಡಿ, ಗೆಣ್ಣಿನ ಕೆಳಗೆ ಕಟ್ಟಿ. ಕಟ್ಟಿದ ಮೇಲೆ ನಾರಿಗೂ ಬಳ್ಳಿಗೂ ನಡುವೆ ಕಿರುಬೆರಳು ಆರಾಮಾಗಿ ಹೋಗಬೇಕು. ಮಳೆ ಮುಗಿಯುವ ಹೊತ್ತಿಗೆ ನಾರು ತಾನೇ ಕೊಳೆತು ಬೀಳುತ್ತೆ, ಅಷ್ಟರಲ್ಲಿ ಬೇರು ಮರ ಹಿಡಿದಿರುತ್ತೆ. ಹಳೇ ಹತ್ತಿ ಸೀರೆಯ ಪಟ್ಟಿಯೂ ಆಗುತ್ತೆ. ಗೋಣಿ ದಾರವೂ ಆಗುತ್ತೆ.

ನೆಟ್ಟ ದಿನ ಕಟ್ಟುವುದು ತಪ್ಪಲ್ಲ. ಒಂದೇ ಕಟ್ಟು, ಸಡಿಲವಾಗಿ. ಗುಂಡಿ ಮರದಿಂದ ದೂರ ಇದ್ದು ಬಳ್ಳಿ ಮರದ ತನಕ ಮುಟ್ಟದಿದ್ದರೆ ಎಳೆಯಬೇಡಿ. ಒಂದು ಅಡಿಕೆ ದಬ್ಬೆಯನ್ನೋ ಗೊಬ್ಬರದ ಗಿಡದ ಕೋಲನ್ನೋ ಓರೆಯಾಗಿ ಊರಿ. ಬಳ್ಳಿ ಅದರ ಮೇಲೆ ನಡೆದುಕೊಂಡು ಹೋಗಿ ಮರ ಸೇರುತ್ತೆ.

ಹೊಸನಗರದ ಹೊಸ ತೋಟಿಗ | ಜುಲೈ 6

ನಾನು ಎಳೆದೇ ಕಟ್ಟಿದ್ದೆ ಅಣ್ಣ. ಬುಡದ ಮಣ್ಣು ಸ್ವಲ್ಪ ಎದ್ದಿದ್ದೂ ಕಂಡಿತ್ತು. ತುಳಿದು ಸರಿ ಮಾಡಿದ್ದೆ.

ಬೆಟ್ಟದ ಸೊಪ್ಪು, ಸಾಗರ | ಜುಲೈ 6

ಮಣ್ಣು ಎದ್ದಿದ್ದರೆ ಹೊಸ ಬೇರು ಹರಿದಿದೆ. ಆ 31 ಗಿಡಗಳಿಗೆ ಈಗ ಕಟ್ಟು ಬಿಚ್ಚಿ, ಬುಡಕ್ಕೆ ಸ್ವಲ್ಪ ಒಳ್ಳೆ ಮಣ್ಣು ಏರಿಸಿ. ನೀರು ಅಲ್ಲಿಂದ ಆಚೆ ಜಾರುವ ಹಾಗೆ ದಿಬ್ಬ ಇರಲಿ. ಗುಂಡಿ ತಗ್ಗಾಗಿ ಇರಬಾರದು. ಕಾಣುವ ಡಿಎಪಿ ಕಾಳು ಇದ್ದರೆ ಮೇಲಿನ ಮಣ್ಣಿನ ಸಮೇತ ಕೆರೆದು ದೂರ ಹಾಕಿ. ಮುಂದೆ ಮೂರು ವಾರ ಕೈ ಹಾಕಬೇಡಿ. ನೋಡಿಕೊಂಡು ಬನ್ನಿ, ಮುಟ್ಟಬೇಡಿ.

ಸಿಲ್ವರ್ ಓಕ್, ಕೊಪ್ಪ | ಜುಲೈ 8

ಮೂರು ವಾರ ಅನ್ನುವುದು ಲೆಕ್ಕಕ್ಕೆ ಸರಿ. ಆದರೆ ನಾನು ದಿನ ಎಣಿಸುವುದಿಲ್ಲ, ಎಲೆ ನೋಡುತ್ತೇನೆ. ನೆಟ್ಟ ಮೇಲೆ ಬಂದ ಹೊಸ ಎಲೆ ಎರಡು ಪೂರ್ತಿ ಬಿಡಿಸಿ, ಹಳೇ ಎಲೆಯಷ್ಟೇ ಅಗಲ ಆಗಿ, ಬಣ್ಣ ಗಾಢ ಆದರೆ ಬೇರು ಹೊಸ ಮಣ್ಣಿಗೆ ಇಳಿದಿದೆ ಅಂತ. ಕೊಟ್ಟೆಯಲ್ಲಿದ್ದಾಗಲೇ ಮೊಗ್ಗಿನಲ್ಲಿದ್ದ ಎಲೆ ಲೆಕ್ಕಕ್ಕಿಲ್ಲ. ಅದು ಹಳೇ ಗಂಟಿನಿಂದ ಬಿಡಿಸಿದ್ದು. ಅದನ್ನು ನೋಡಿ ಮೋಸ ಹೋಗುವವರು ಜಾಸ್ತಿ.

ಚಿವುಟುವುದರಿಂದ ಟಿಸಿಲು ಬರುತ್ತೆ ಅನ್ನುವುದು ಸುಳ್ಳಲ್ಲ. ತುದಿಯ ಮೊಗ್ಗು ಇರುವ ತನಕ ಕೆಳಗಿನ ಗೆಣ್ಣಿನ ಮೊಗ್ಗು ಮಲಗಿರುತ್ತೆ. ತುದಿ ಹೋದರೆ ಕೆಳಗಿನವು ಏಳುತ್ತವೆ. ಆದರೆ ಏಳಲಿಕ್ಕೆ ಕೆಳಗೆ ಗೆಣ್ಣು ಇರಬೇಕಲ್ವಾ? ಎಬ್ಬಿಸಲಿಕ್ಕೆ ಬೇರಿನಲ್ಲಿ ಕಸುವೂ ಇರಬೇಕು. ಮೂರು ನಾಲ್ಕು ಗೆಣ್ಣಿನ ಗಿಡ ಚಿವುಟಿದರೆ ಒಂದು ಬಡಕಲು ಚಿಗುರು ಬರುತ್ತೆ, ಅಷ್ಟೇ. ನಾವು ಎಂಟು ಹತ್ತು ಗೆಣ್ಣು ಮರಕ್ಕೆ ಕಚ್ಚಿದ ಮೇಲೆ ಚಿವುಟುತ್ತೇವೆ. ಮಳೆ ಬಿಟ್ಟು ಎರಡು ದಿನ ಬಿಸಿಲು ಕಂಡಾಗ, ಉಗುರಿನಿಂದ, ತುದಿಯ ಒಂದು ಎಳೆ ಗೆಣ್ಣು ಮಾತ್ರ. ಸುರಿಯುವ ಮಳೆಯಲ್ಲಿ ಗಾಯ ಮಾಡಿದರೆ ಒಣಗುವುದಿಲ್ಲ. ನಿಮ್ಮದು ಕಪ್ಪು ಇಳಿದಿದ್ದು ಅದಕ್ಕೇ ಇರಬೇಕು.

ಹಿನ್ನೀರು | ಜುಲೈ 8

ತುದಿ ಹೋಗಿದ್ದೆಲ್ಲ ಚಿವುಟಿದ್ದರಿಂದಲೇ ಅಂತಲೂ ಅಲ್ಲ. ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿ. ಸಿಂಬಳದ ಹುಳು ಮತ್ತೆ ಶಂಖದ ಹುಳು ಎಳೆ ತುದಿಯನ್ನೇ ಹುಡುಕಿ ತಿನ್ನುತ್ತವೆ. ನಾವು ದಿನಾ ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕುತ್ತೇವೆ.

ಮಲ್ಲಿಗೆಸರ | ಜುಲೈ 9

ಇಷ್ಟೆಲ್ಲ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಮರದ ಬುಡಕ್ಕೆ ನೆಲದಲ್ಲಿ ಹರಿಯುವ ಹಬ್ಬು ಬಳ್ಳಿಯ ಎರಡು ತುಂಡು ಚುಚ್ಚಿ ಬರುತ್ತಿದ್ದರು. ಕಟ್ಟಲಿಲ್ಲ, ಚಿವುಟಲಿಲ್ಲ, ಗೊಬ್ಬರ ಇಲ್ಲ. ಆ ಮಲ್ಲಿಗೆಸರ ತಳಿಯ ಬಳ್ಳಿ ಮಾವಿನ ಮರದ ತುದಿಗೆ ಹೋಗಿದೆ. ಇವತ್ತಿಗೂ ಏಣಿ ಇಟ್ಟು ಕೊಯ್ಯುತ್ತೇವೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದಿದ್ದರಂತೆ. ಹಡಗು ತುಂಬಿ ಹೋದ ಆ ಮೆಣಸನ್ನು ಯಾರು ಕೂತು ಬಾಳೆ ನಾರಿನಲ್ಲಿ ಕಟ್ಟಿದ್ದರು? ಇದು ನಮ್ಮ ಘಟ್ಟದ ಬಳ್ಳಿ. ಅದಕ್ಕೆ ಹತ್ತಲಿಕ್ಕೆ ನಾವು ಕಲಿಸಬೇಕಾ?

ತುಂಗೆ ದಂಡೆಯ ಅಕ್ಕ, ತೀರ್ಥಹಳ್ಳಿ | ಜುಲೈ 9

ನಿಮ್ಮ ಮಾತಲ್ಲಿ ಸತ್ಯ ಇದೆ, ನಾನು ಅಲ್ಲಗಳೆಯೋದಿಲ್ಲ. ನಮ್ಮ ಮನೆ ಹಿಂದೆಯೂ ಹಾಗೇ ಹತ್ತಿದ ಹಳೇ ಬಳ್ಳಿ ಇದೆ, ಅದರ ಕಾಳಿನ ಖಾರವೇ ಬೇರೆ. ಆದರೆ ಮೂರು ವ್ಯತ್ಯಾಸ ನೋಡಿ.

ಅಜ್ಜ ಚುಚ್ಚಿದ್ದು ಅಲ್ಲೇ ಬೆಳೆದ ಬಳ್ಳಿಯ ತುಂಡು. ಅದು ಬೇರು ಬಿಟ್ಟಿದ್ದೇ ಆ ಮಣ್ಣಿನಲ್ಲಿ. ಕೊಟ್ಟೆ ಗಿಡ ನೆರಳು ಬಲೆಯ ಕೆಳಗೆ, ಸಡಿಲ ಮಣ್ಣಿನಲ್ಲಿ, ದಿನಾ ನೀರು ಕುಡಿದು ಬೆಳೆದದ್ದು. ಎರಡನೆಯದು, ಮಾವಿನ ತೊಗಟೆ ಒರಟು, ಸಂದಿನಲ್ಲಿ ಪಾಚಿ ಇರುತ್ತೆ, ಬೇರು ಬೇಗ ಕಚ್ಚುತ್ತೆ. ಎಳೆ ಅಡಿಕೆ ಮರದ ಮೈ ನುಣುಪು. ಮೂರನೆಯದು, ಅಜ್ಜ ಚುಚ್ಚಿದ್ದರಲ್ಲಿ ಎಷ್ಟು ಸತ್ತವು ಅಂತ ಯಾರೂ ಎಣಿಸಲಿಲ್ಲ. ಬಳ್ಳಿ ಬಿಟ್ಟಿ ಸಿಗುತ್ತಿತ್ತು. ಈ ತಮ್ಮ ದುಡ್ಡು ಕೊಟ್ಟು ತಂದಿದ್ದಾನೆ. ಎಲೆಚುಕ್ಕಿ ಬಂದ ತೋಟದಲ್ಲಿ ಮುಂದಿನ ಆಸೆಯನ್ನೇ ಇದರ ಮೇಲೆ ಇಟ್ಟಿದ್ದಾನೆ. ಅವನಿಗೆ ಒಂದೊಂದು ಗಿಡವೂ ಲೆಕ್ಕವೇ.

ಮಲ್ಲಿಗೆಸರ | ಜುಲೈ 9

ಒಪ್ಪಿದೆ ಅಕ್ಕ. ಎಣಿಸಲಿಲ್ಲ ಅನ್ನುವುದು ನಿಜ. ತಮ್ಮಾ, ನಮ್ಮಲ್ಲಿ ಹಬ್ಬು ಬಳ್ಳಿ ಬೇಕಾದಷ್ಟಿದೆ. ಸತ್ತ ಜಾಗಕ್ಕೆ ಬೇಕಿದ್ದರೆ ಬೇಸಿಗೆ ಶುರುವಾಗುವಾಗ ಬಂದು ಒಯ್ಯಿ. ಫೆಬ್ರವರಿ ಮಾರ್ಚ್‌ನಲ್ಲಿ ಕೊಟ್ಟೆಗೆ ಹಾಕಿದರೆ ಜೂನ್‌ಗೆ ನೆಡುವ ಹದಕ್ಕೆ ಬರುತ್ತೆ.

ಹೊಸನಗರದ ಹೊಸ ತೋಟಿಗ | ಜುಲೈ 10

ತುಂಬಾ ಉಪಕಾರ ಅಣ್ಣ. ಖಂಡಿತ ಬರುತ್ತೇನೆ.

ಇನ್ನೊಂದು ಪ್ರಶ್ನೆ. ಅಡಿಕೆಗೆ ಕೊಳೆ ತಡೆಯಲಿಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಸಮಯ ಇದು. ಈ ಎಳೆ ಬಳ್ಳಿಗೂ ಹೊಡೆಯಬಹುದಾ? ಮತ್ತೆ ಟ್ರೈಕೋಡರ್ಮಾ ಹಾಕಿ ಅಂತ ತೋಟಗಾರಿಕೆಯವರು ಹೇಳಿದ್ದರು.

ಸಿಲ್ವರ್ ಓಕ್, ಕೊಪ್ಪ | ಜುಲೈ 10

ಬೋರ್ಡೋ ಹೊಡೆಯಬಹುದು, ಶೇಕಡ 1ರದ್ದು. 100 ಲೀಟರ್ ನೀರಿಗೆ 1 ಕೆ.ಜಿ ಮೈಲುತುತ್ತ, 1 ಕೆ.ಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ತೊಳೆದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ. ಚಾಕಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆ ಎಲೆ ಸುಡುತ್ತೆ. ದಣಿದ ಗಿಡಕ್ಕೆ ಅದು ಇನ್ನೊಂದು ಪೆಟ್ಟು.

ಟ್ರೈಕೋಡರ್ಮಾ ಜೀವ ಇರುವ ಶಿಲೀಂಧ್ರ. ತಾಮ್ರ ಅದನ್ನೂ ಕೊಲ್ಲುತ್ತೆ. ಎರಡನ್ನೂ ಬುಡಕ್ಕೆ ಒಟ್ಟಿಗೆ ಹಾಕಬೇಡಿ. 90 ಕೆ.ಜಿ ಕೊಟ್ಟಿಗೆ ಗೊಬ್ಬರ, 10 ಕೆ.ಜಿ ಬೇವಿನ ಹಿಂಡಿ, 1 ಕೆ.ಜಿ ಟ್ರೈಕೋಡರ್ಮಾ ಕಲಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಇಡಿ. ಮೇಲೆ ಹಸಿರು ಬೂಷ್ಟು ಹರಡುತ್ತೆ. ಆಗ ಬುಡಕ್ಕೆ ಹಾಕಿ. ಇದನ್ನು ನೆಡುವ ಗುಂಡಿಗೇ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು.

ಡಿಎಪಿ ವಿಷಯಕ್ಕೂ ಒಂದು ಮಾತು. ದೊಡ್ಡ ಬಳ್ಳಿಗೆ ವರ್ಷಕ್ಕೆ ಹೇಳುವುದು ಸಾರಜನಕ 50 ಗ್ರಾಂ, ರಂಜಕ 50 ಗ್ರಾಂ, ಪೊಟ್ಯಾಷ್ 150 ಗ್ರಾಂ. ಮೊದಲ ವರ್ಷ ಅದರ ಮೂರನೇ ಒಂದು ಭಾಗ ಸಾಕು, ಅದೂ ಎರಡು ಕಂತಿನಲ್ಲಿ. ನೀವು ಹಾಕಿದ ಹಿಡಿಯಲ್ಲಿ ರಂಜಕವೇ ಮೊದಲ ವರ್ಷಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಆಯಿತು, ಪೊಟ್ಯಾಷ್ ಸೊನ್ನೆ. ಅದಕ್ಕಿಂತ ದೊಡ್ಡ ತಪ್ಪು ಬುಡಕ್ಕೆ ಅಂಟಿಸಿ ಹಾಕಿದ್ದು. ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಹರಡಿ ಮಣ್ಣು ಮುಚ್ಚಬೇಕು.

ಅಡಿಕೆ ಹಾಳೆ | ಜುಲೈ 11

ಔಷಧಿ ಹೊಡೆಸುವ ದಿನ ನೀವು ತೋಟದಲ್ಲೇ ಇರಿ. ಪೈಪು ಎಳೆದುಕೊಂಡು ಹೋಗುವಾಗ ಎಳೆ ಬಳ್ಳಿ ಬುಡಸಮೇತ ಕಿತ್ತು ಬರುತ್ತೆ. ಪ್ರತಿ ಗಿಡದ ಪಕ್ಕ ಒಂದೊಂದು ಗೂಟ ಹೊಡೆದರೆ ಪೈಪು ಅದಕ್ಕೆ ತಾಗಿ ಆಚೆ ಜಾರುತ್ತೆ. ಮೊದಲು ಅಡಿಕೆ ಗೊನೆ ಕೊಯ್ಯುವ ಕೊನೆಗಾರರು ಮರ ಹತ್ತುವಾಗ ಬಳ್ಳಿ ಹರಿಯುತ್ತಿತ್ತು, ಅದಕ್ಕೇ ತೋಟಕ್ಕೆ ಮೆಣಸು ಬೇಡ ಅನ್ನುತ್ತಿದ್ದರು. ಈಗ ನೆಲದಲ್ಲೇ ನಿಂತು ಕೊಯ್ಯುವ ಉದ್ದದ ಫೈಬರ್ ದೋಟಿ ಬಂದ ಮೇಲೆ ಆ ಕಾಟ ಕಡಿಮೆ.

ಬಳ್ಳಿ ಇಳಿಸುವವನು, ಶೃಂಗೇರಿ ಕಡೆ | ಜುಲೈ 15

ತಡವಾಗಿ ನೋಡಿದೆ. ಪಕ್ಕದವರು ಹೇಳಿದ ಊರುವ ಮಾತು ಹುಸಿಯಲ್ಲ, ಕಾಲ ತಪ್ಪಿದ ಮಾತು ಅಷ್ಟೇ. ನಾನು ಇದನ್ನು ಮಾಡುತ್ತೇನೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಒಂಟಿ ಬಳ್ಳಿ ಸೀದಾ ಮೇಲೆ ಹೋದರೆ ಕೆಳಗೆ ಬೋಳಾಗುತ್ತೆ. ಕಾಳು ಕಚ್ಚುವ ಅಡ್ಡ ರೆಂಬೆಗಳೆಲ್ಲ ತಲೆಯ ಮೇಲೆ. ಬಳ್ಳಿ ಒಂದಾಳೆತ್ತರ ಬಂದಾಗ ಅದನ್ನು ಮರದಿಂದ ಬಿಡಿಸಿ, ಕೆಳಗಿಳಿಸಿ, ಬುಡದ ಸುತ್ತ ಉಂಗುರದ ಹಾಗೆ ಮಲಗಿಸಿ, ತುದಿ ಮಾತ್ರ ಮೇಲೆ ಬಿಟ್ಟು ಮಣ್ಣು ಮುಚ್ಚುತ್ತೇವೆ. ಮಣ್ಣಿನೊಳಗಿನ ಒಂದೊಂದು ಗೆಣ್ಣೂ ಬೇರು ಬಿಡುತ್ತೆ, ಹಲವು ಕಡೆ ಚಿಗುರುತ್ತೆ. ಒಂದು ಬಳ್ಳಿ ಇದ್ದ ಮರಕ್ಕೆ ನಾಲ್ಕೈದು ಬಳ್ಳಿ ಬುಡದಿಂದಲೇ ಏಳುತ್ತವೆ. ಇಂಡೊನೇಷ್ಯಾದ ಲಾಂಪುಂಗ್ ಕಡೆ ಇದು ಹಳೇ ಪದ್ಧತಿ.

ಆದರೆ ನೆಟ್ಟ ವರ್ಷ ಬೇಡವೇ ಬೇಡ. ಮುಂದಿನ ವರ್ಷ, ಜಡಿಮಳೆ ಮುಗಿದ ಮೇಲೆ, ಮಣ್ಣಲ್ಲಿ ಇನ್ನೂ ತೇವ ಇರುವಾಗ. ನಮ್ಮಲ್ಲಿ ಅದು ಸೆಪ್ಟೆಂಬರ್ ಕೊನೆ. ಆಗುಂಬೆ ಸುತ್ತ ವರ್ಷಕ್ಕೆ 7000 ಮಿ.ಮೀ ದಾಟುವ ಮಳೆ. ಅಂಥ ಮಳೆಯ ನಡುವೆ ಎಳೆ ಕಾಂಡವನ್ನು ಮಣ್ಣೊಳಗೆ ಮಲಗಿಸಿದರೆ ಕೊಳೆಗೆ ಕರೆದು ಮಣೆ ಹಾಕಿದ ಹಾಗೆ. ಬಸಿಯದ ತೋಟದಲ್ಲಿ ಯಾವ ಕಾಲಕ್ಕೂ ಮಾಡಬೇಡಿ.

ಇಳಿಸುವ ಕೆಲಸವನ್ನೂ ಒಂದೇ ದಿನ ಮುಗಿಸುವುದಿಲ್ಲ. ಹತ್ತು ದಿನ ಮೊದಲು ಮಣ್ಣೊಳಗೆ ಹೋಗುವ ಭಾಗದ ಎಲೆ ತೆಗೆಯುತ್ತೇನೆ, ಗಾಯ ಒಣಗಲಿ ಅಂತ. ಆಮೇಲೆ ಒಂದು ದಿನ ಮರದಿಂದ ಬಿಡಿಸುತ್ತೇನೆ. ಎಳೆದು ಕೀಳಬಾರದು. ಮರಕ್ಕೂ ಬಳ್ಳಿಗೂ ನಡುವೆ ತೆಳು ಬಿದಿರು ದಬ್ಬೆ ತೂರಿಸಿ, ಒಂದೊಂದೇ ಗೆಣ್ಣಿನ ಬೇರು ಬಿಡಿಸಿಕೊಂಡು ಮೇಲಿನಿಂದ ಕೆಳಗೆ ಬರಬೇಕು.

ಹೊತ್ತೂ ಮುಖ್ಯ. ಬೆಳಗ್ಗೆ ಬಳ್ಳಿ ನೀರು ತುಂಬಿಕೊಂಡು ಗರಿಗರಿ ಇರುತ್ತೆ, ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತೆ. ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಬಿಸಿಲುಂಡು ಮೆತ್ತಗಾಗಿರುತ್ತೆ. ಆಗ ಎರಡೂ ಕೈಯ ಹೆಬ್ಬೆರಳು ಎರಡು ಗೆಣ್ಣುಗಳ ನಡುವಿನ ಜಾಗದಲ್ಲಿ ಇಟ್ಟು, ಅಲ್ಲೇ ಬಗ್ಗಿಸಬೇಕು. ಗೆಣ್ಣಿನಲ್ಲಿ ಬಗ್ಗಿಸಿದರೆ ಅಲ್ಲೇ ಕಳಚುತ್ತೆ. ಕೈಗೆ ಎದುರು ಒತ್ತಡ ಗೊತ್ತಾದರೆ ನಿಲ್ಲಿಸಿ. ಅಷ್ಟಕ್ಕೇ ಒಂದು ಕವೆಗೋಲು ಊರಿ ಬಿಟ್ಟು, ನಾಲ್ಕು ದಿನ ಬಿಟ್ಟು ಮಿಕ್ಕಿದ್ದು ಬಗ್ಗಿಸಿ.

ಬೆಟ್ಟದ ಸೊಪ್ಪು, ಸಾಗರ | ಜುಲೈ 15

ಇಳಿಸುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ತಗ್ಗಿನ ತೋಟದಲ್ಲಿ ಎರಡು ಸಲ ಮಾಡಿ ಎರಡು ಸಲವೂ ಕಳೆದುಕೊಂಡೆ. ಒಂದು ಮರಕ್ಕೆ ಎರಡು ಗಿಡ ನೆಟ್ಟು, ಹದಕ್ಕೆ ಬಂದಾಗ ಒಂದು ಸಲ ಚಿವುಟಿದರೆ ನನಗೆ ಸಾಕಾಗಿದೆ. ಆದರೆ ಮಾಡುವುದಿದ್ದರೆ ಮೇಲಿನವರು ಹೇಳಿದ ರೀತಿಯೇ ಸರಿ. ಹತ್ತಿಪ್ಪತ್ತು ಗಿಡಕ್ಕೆ ಮಾಡಿ ನೋಡಿ, ಎಲ್ಲದಕ್ಕೂ ಬೇಡ.

ಹೊಸನಗರದ ಹೊಸ ತೋಟಿಗ | ಅಕ್ಟೋಬರ್ 18

ನಡುವೆ ಬರೆಯಲಿಕ್ಕೆ ಆಗಲಿಲ್ಲ, ಕ್ಷಮಿಸಿ. 31ರಲ್ಲಿ 28 ಗಿಡ ಬದುಕಿದವು! ಮೂರು ಹೋದವು. ಇನ್ನೊಂದು ಗಟ್ಟಿ ಗಿಡ ಔಷಧಿ ಪೈಪಿಗೆ ಸಿಕ್ಕಿ ಹೋಯಿತು, ಅಲ್ಲಿ ಗೂಟ ಹೊಡೆದಿರಲಿಲ್ಲ. ಈಗ 165 ಇವೆ.

ಜುಲೈ ಪೂರ್ತಿ ಮುಟ್ಟಲಿಲ್ಲ. ದಿನಾ ಹೋಗಿ ನಿಂತು ನೋಡಿ ಬರುತ್ತಿದ್ದೆ. ಏನೂ ಮಾಡದೆ ಬರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಆಗಸ್ಟ್ ಮೊದಲ ವಾರ ಒಂದು ಗಿಡದಲ್ಲಿ ಕೆಳಗಿನ ಗೆಣ್ಣಿನಿಂದ ಕೆಂಪು ಹಸಿರು ಬಣ್ಣದ ಸೂಜಿ ಥರ ಮೊಳಕೆ ಕಂಡಿತು. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎರಡು ಎಲೆ ಪೂರ್ತಿ ಬಿಡಿಸಿದ ಮೇಲೆ ಬಾಳೆ ನಾರಿನಲ್ಲಿ ಕಟ್ಟಿದೆ, ಮುಖ ನೋಡಿಕೊಂಡು. ಈಗ ಹೆಚ್ಚಿನವು ಐದಾರು ಗೆಣ್ಣು ಮರಕ್ಕೆ ಕಚ್ಚಿವೆ. ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡುವುದಿಲ್ಲ.

ಇನ್ನು ಬೇಸಿಗೆಗೆ ಏನು ಮಾಡಬೇಕು?

ತುಂಗೆ ದಂಡೆಯ ಅಕ್ಕ, ತೀರ್ಥಹಳ್ಳಿ | ಅಕ್ಟೋಬರ್ 18

ಓದಿ ಬಹಳ ಖುಷಿ ಆಯ್ತು ತಮ್ಮಾ.

ಮೊದಲ ಬೇಸಿಗೆಯೇ ಎಳೆ ಬಳ್ಳಿಗೆ ದೊಡ್ಡ ಪರೀಕ್ಷೆ. ಮರದ ಉತ್ತರಕ್ಕೆ ನೆಟ್ಟಿದ್ದೀಯಲ್ವಾ? ಹಾಗಿದ್ದರೆ ಅರ್ಧ ಕೆಲಸ ಆಯ್ತು. ದಕ್ಷಿಣ, ಪಶ್ಚಿಮದಲ್ಲಿ ಇದ್ದವಕ್ಕೆ ಫೆಬ್ರವರಿಯಿಂದ ಇಳಿಬಿಸಿಲು ಸೀದಾ ಹೊಡೆಯುತ್ತೆ. ಅಡಿಕೆ ಸೋಗೆ ಒಂದೊಂದು ಓರೆಯಾಗಿ ನಿಲ್ಲಿಸು. ಗಾಳಿ ಆಡಬೇಕು, ಮುಚ್ಚಿ ಕಟ್ಟಬೇಡ. ಬುಡಕ್ಕೆ ದರಕು (ಒಣ ಎಲೆ), ಸೊಪ್ಪು ಹೊದಿಸು. ಮಳೆಗಾಲದಲ್ಲಿ ಮಾತ್ರ ಅದೇ ಸೊಪ್ಪು ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಆಚೆ ಸರಿಸಬೇಕು. ನೀರು ಸ್ವಲ್ಪ ಸ್ವಲ್ಪ ಕೊಡು. ಒಂದು ವಾರ ಒಣಗಿಸಿ ಒಂದೇ ಸಲ ಕೊಡ ಸುರಿಯೋದು ಬೇಡ.

ನೆಲದಲ್ಲಿ ಹರಿದು ಹೋಗೋ ಹಬ್ಬು ಬಳ್ಳಿಯನ್ನು ಹಾಗೇ ಬಿಡಬೇಡ. ಒಂದೋ ಮರಕ್ಕೆ ಎತ್ತಿ ಕಟ್ಟು, ಇಲ್ಲಾ ಸುರುಳಿ ಸುತ್ತಿ ಗೂಟಕ್ಕೆ ಇಡು, ಮುಂದೆ ಗಿಡ ಮಾಡಲಿಕ್ಕೆ ಬರುತ್ತೆ. ಮಳೆ ಶುರುವಾಗೋ ಮೊದಲು ನೆಲ ಮುಟ್ಟೋದು ಯಾವುದೂ ಇರಬಾರದು. ಕೊಳೆ ಏರೋ ಏಣಿಯೇ ಅದು.

ಹೊಸನಗರದ ಹೊಸ ತೋಟಿಗ | ಮರುವರ್ಷ, ಜೂನ್ 21

ಬೇಸಿಗೆಯಲ್ಲಿ ಆರು ಗಿಡ ಒಣಗಿದವು, ಎಲ್ಲ ಪಶ್ಚಿಮದ ಅಂಚಿನವು. ಸತ್ತ ಜಾಗಗಳಿಗೆ ಮಲ್ಲಿಗೆಸರ ಅಣ್ಣ ಕೊಟ್ಟ ಬಳ್ಳಿಯ ಗಿಡ ನೆಟ್ಟೆ. ನೆಟ್ಟ ದಿನ ಒಂದು ಸಡಿಲ ಕಟ್ಟು ಹಾಕಿ ಬಂದೆ, ಅಷ್ಟೇ. ಹಳೆಯವು ಹತ್ತು ಗೆಣ್ಣು ದಾಟಿವೆ. ಮೇ ತಿಂಗಳ ಒಂದೆರಡು ಮಳೆ ಆದ ಮೇಲೆ ಬಿಸಿಲಿನ ದಿನ ನೋಡಿ ಎಂಬತ್ತರಷ್ಟು ಗಿಡದ ತುದಿ ಚಿವುಟಿದ್ದೆ. ಈ ಸಲ ಒಂದರಲ್ಲೂ ಕಪ್ಪು ಇಳಿಯಲಿಲ್ಲ. ಎರಡು ಮೂರು ಕವಲು ಹೊರಟಿವೆ.

ಹೊಸನಗರದ ಹೊಸ ತೋಟಿಗ | ಸೆಪ್ಟೆಂಬರ್ 29

ಎತ್ತರದ ಬರಣದಲ್ಲಿ (ಎರಡು ಬಸಿಗಾಲುವೆಗಳ ನಡುವಿನ ಪಟ್ಟಿಯಲ್ಲಿ), ನೀರು ಚೆನ್ನಾಗಿ ಬಸಿಯುವ ಕಡೆ, ಇಪ್ಪತ್ತು ಬಳ್ಳಿ ಇಳಿಸಿದೆ. ಎಲೆ ಹತ್ತು ದಿನ ಮೊದಲೇ ತೆಗೆದಿದ್ದೆ. ಹದಿನೆಂಟು ಸರಿಯಾಗಿ ಮಲಗಿದವು. ಎರಡು ಮುರಿದವು. ಮಧ್ಯಾಹ್ನ ಬೇರೆ ಕೆಲಸ ಇತ್ತು ಅಂತ ಬೆಳಗ್ಗೆ ಎಂಟಕ್ಕೇ ಶುರು ಮಾಡಿದ್ದೆ. ಅವೇ ಮೊದಲ ಎರಡು. ಪಟಕ್ ಅಂತ ಸದ್ದು ಕೇಳಿದ ಮೇಲೆ ನಿಲ್ಲಿಸಿ, ಮೂರು ಗಂಟೆ ಮೇಲೆ ಮತ್ತೆ ಹೋದೆ.

ತುಂಗೆ ದಂಡೆಯ ಅಕ್ಕ, ತೀರ್ಥಹಳ್ಳಿ | ಸೆಪ್ಟೆಂಬರ್ 29

ಮುರಿದ ಬಳ್ಳಿ ಎಸೆಯಬೇಡ ತಮ್ಮಾ. ಎರಡು ಮೂರು ಗೆಣ್ಣಿಗೆ ಒಂದರಂತೆ ತುಂಡು ಮಾಡಿ, ಒಂದು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಕೊಟ್ಟೆಯಲ್ಲಿ ಊರು. ಬುಡದ ಬಳ್ಳಿಗೆ ಏನೂ ಮಾಡಬೇಡ, ಅದು ತಾನೇ ಚಿಗುರುತ್ತೆ.

ಹೊಸನಗರದ ಹೊಸ ತೋಟಿಗ | ಸೆಪ್ಟೆಂಬರ್ 30

ಊರಿದೆ ಅಕ್ಕ. ಕೊಟ್ಟಿಗೆ ಹಿಂದೆ ನೆರಳಲ್ಲಿ, ಎಂಟು ಕೊಟ್ಟೆ.